ಹೇಳುವುದು ಶಾಲೆಯಲ್ಲಿ, ಕಲಿಯುವುದು ಮನೆಯಲ್ಲಿ?

ಬೋರ್ಡಿನ ಮೇಲೆ ಒಂದು ಕಳೆಯುವ ಲೆಕ್ಕ ಬರೆದಿದ್ದೇನೆ. 403ರಲ್ಲಿ 168 ಕಳೆದರೆ ಎಷ್ಟು? 235. ಇದನ್ನೇ ಒಂದು ತರಗತಿಗೆ ಕೊಟ್ಟು ನೋಟ್‌ಬುಕ್ಕುಗಳನ್ನು ತಿರುವಿ ಹಾಕಿದರೆ ತಪ್ಪು ಉತ್ತರಗಳು ಮನಸ್ಸಿಗೆ ಬಂದ ಹಾಗೆ ಚೆಲ್ಲಾಡಿರುವುದಿಲ್ಲ. ಕೆಲವು ಸಂಖ್ಯೆಗಳೇ ಮತ್ತೆ ಮತ್ತೆ ಎದುರಾಗುತ್ತವೆ. ಅವುಗಳಲ್ಲಿ ಮೂರನ್ನು ಇವತ್ತು ನೋಡೋಣ: 365, 335, 145. ಮೂರಕ್ಕೂ ಕೆಂಪು ಶಾಯಿಯ ಒಂದೇ ಇಂಟು ಗುರುತು ಬೀಳುತ್ತದೆ, ಮೂರಕ್ಕೂ ಸೊನ್ನೆ ಮಾರ್ಕು. ಆದರೆ ಈ ಮೂರೂ ಬೇರೆ ಬೇರೆ ಕಾಯಿಲೆ.

365 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. 3ರಲ್ಲಿ 8 ಹೋಗುವುದಿಲ್ಲ, ಇರಲಿ, 8ರಲ್ಲಿ 3 ಹೋಗುತ್ತದಲ್ಲ, 5. ಸೊನ್ನೆಯಲ್ಲಿ 6 ಹೋಗುವುದಿಲ್ಲ, 6ರಲ್ಲಿ ಸೊನ್ನೆ ಹೋದರೆ 6. ಕೊನೆಗೆ 4ರಲ್ಲಿ 1 ಹೋಗಿ 3. ಈ ಮಗುವಿಗೆ ಪಕ್ಕದ ಮನೆಯಿಂದ ಸಾಲ ತರುವುದೇ ಗೊತ್ತಿಲ್ಲ. 335 ಬರೆದ ಮಗುವಿಗೆ ಸಾಲ ತರುವುದು ಗೊತ್ತು. ಸೊನ್ನೆಯಿಂದ ಸಾಲ ತರುವಾಗ ಸೊನ್ನೆ 9 ಆಗುತ್ತದೆ ಎಂಬುದೂ ನೆನಪಿದೆ. ಆ 9 ಎಲ್ಲಿಂದ ಬಂತು ಎಂಬುದು ಮಾತ್ರ ಗೊತ್ತಿಲ್ಲ. ಹಾಗಾಗಿ ನೂರರ ಮನೆಯ 4 ಇಳಿಯದೆ ಹಾಗೇ ಕೂತಿದೆ. 145 ಬರೆದ ಮಗು ಸೊನ್ನೆಯ ಹತ್ತಿರ ಕೊಡಲು ಏನೂ ಇಲ್ಲವೆಂದು ಅದನ್ನು ದಾಟಿ, ನೇರ ನೂರರ ಮನೆಗೆ ಹೋಗಿ ಬಿಡಿಗೆ ಹತ್ತು ತಂದಿದೆ. ಆಮೇಲೆ ಹತ್ತರ ಮನೆಗೂ ಬೇಕಾದಾಗ ಇನ್ನೊಂದು ಸಲ ಹೋಗಿದೆ. 4 ಎರಡು ಸಲ ಇಳಿದು 2 ಆಗಿದೆ.

ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲಿ ಮಕ್ಕಳ ಇಂಥ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಮಿನ ದೋಷಗಳ ಹಾಗೆ ಬಿಡಿಸಿ ತೋರಿಸಿದರು. ಮಗು ಅಡ್ಡಾದಿಡ್ಡಿ ಲೆಕ್ಕ ಹಾಕುತ್ತಿಲ್ಲ, ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ನಿಯಮವೇ ಕೊಂಚ ವಕ್ರ, ಅಷ್ಟೇ. ‘ಗಮನ ಇಟ್ಟು ಮಾಡು’ ಎಂದು ಗದರಿದರೆ ಅದೇ ವಕ್ರ ನಿಯಮವನ್ನು ಇನ್ನಷ್ಟು ಗಮನವಿಟ್ಟು ಪಾಲಿಸುತ್ತದೆ. ‘ಮನೇಲಿ ಇಂಥ ಹತ್ತು ಲೆಕ್ಕ ಮಾಡಿಕೊಂಡು ಬಾ’ ಎಂದರೆ ಹತ್ತು ಸಲ ತಪ್ಪನ್ನು ಅಭ್ಯಾಸ ಮಾಡಿ, ಗಟ್ಟಿ ಮಾಡಿಕೊಂಡು ಬರುತ್ತದೆ.

ಮನೆಯಲ್ಲಿ ಒಬ್ಬರು ಪಕ್ಕ ಕೂತು, ಬೆರಳಿಟ್ಟು, ‘ಸೊನ್ನೆ 9 ಆಯ್ತಲ್ಲ, ಅದಕ್ಕೆ ಕೊಟ್ಟವರು ಯಾರು?’ ಎಂದು ಕೇಳಿದರೆ ಎರಡು ನಿಮಿಷದ ಕೆಲಸ. ಕೇಳುವವರಿಲ್ಲದ ಮನೆಯಲ್ಲಿ ಅದು ಎರಡು ವರ್ಷ ಉಳಿಯುತ್ತದೆ. ನನ್ನ ಮಾತೆಲ್ಲ ಈ ಎರಡು ನಿಮಿಷದ ಕುರಿತು. ಕಲಿಕೆಯ ಅಸಲಿ ಕೆಲಸ ಎರಡು: ಕೇಳಿದ್ದನ್ನು ನೆನಪಿನಿಂದ ಹೊರಗೆ ತೆಗೆಯುವುದು, ತೆಗೆದಾಗ ಕಂಡ ತಪ್ಪನ್ನು ತಿದ್ದಿಸಿಕೊಳ್ಳುವುದು. ಈ ಎರಡನ್ನೂ ಮನೆಗೆ ಕಳಿಸಿ, ವಿವರಿಸುವ ಕೆಲಸವೊಂದನ್ನೇ ಇಟ್ಟುಕೊಂಡ ಶಾಲೆ ಸಾರ್ವಜನಿಕ ಶಾಲೆಯಲ್ಲ ಎಂದು ನಾನು ನಂಬಿದ್ದೇನೆ. ಅಲ್ಲಿ ಉಚಿತವಾಗಿ ಸಿಗುವುದು ಅರ್ಧ ಮಾತ್ರ. ಉಳಿದರ್ಧವನ್ನು ಮನೆಯವರು ದುಡ್ಡಿನಿಂದಲೋ ಪುರುಸೊತ್ತಿನಿಂದಲೋ ತಮ್ಮ ಓದಿನಿಂದಲೋ ತುಂಬಬೇಕು. ಮೂರೂ ಇಲ್ಲದವರ ಮಗುವಿಗೆ ‘ದಡ್ಡ’ ಎಂಬ ಹೆಸರು ಬರುತ್ತದೆ.

ಇದಕ್ಕೆ ಒಂದು ಚರಿತ್ರೆ ಇದೆ. ಹಳೆಯ ಜರ್ಮನ್ ರಾಜ್ಯವಾದ ಪ್ರಷ್ಯದ ದೊರೆ ಎರಡನೆಯ ಫ್ರೆಡ್ರಿಕ್ 1763ರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕೆಂದು ಕಟ್ಟಳೆ ಹೊರಡಿಸಿದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 1852ರ ಕಾನೂನು 8ರಿಂದ 14 ವರ್ಷದ ಮಕ್ಕಳು ವರ್ಷಕ್ಕೆ 12 ವಾರ, ಅದರಲ್ಲಿ 6 ವಾರ ಬಿಡದೆ ಶಾಲೆಯಲ್ಲಿರಬೇಕೆಂದಿತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಗಿರಬೇಕೆಂದಿತು. ದೊಡ್ಡ ಹೆಜ್ಜೆಗಳೇ, ಅನುಮಾನವಿಲ್ಲ. ಆದರೆ ಕಾನೂನು ಎಣಿಸಬಲ್ಲದ್ದು ಹಾಜರಿಯನ್ನು. ವಾರ ಎಣಿಸಬಹುದು, ತಲೆ ಎಣಿಸಬಹುದು. ತಲೆಯೊಳಗೆ ಉಳಿದದ್ದನ್ನು ಹಾಗೆ ಎಣಿಸಲಾಗದು. ಹೀಗಾಗಿ ಮಗು ಬೆಂಚಿನ ಮೇಲೆ ಕೂತಿತು, ಎದುರಿಗೆ ಒಬ್ಬರು ಮಾತಾಡಿದರು ಎಂದರೆ ಶಿಕ್ಷಣ ಆಯಿತು ಎಂಬ ಲೆಕ್ಕ ರೂಢಿಯಾಗಿಬಿಟ್ಟಿತು.

ಇದೇ ಚರಿತ್ರೆಯ ಒಂದು ಪುಟವನ್ನು ನಾವು ಓದದೆ ಹರಿದು ಹಾಕಿದೆವು. 1798ರ ಹೊತ್ತಿಗೆ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಬಡಮಕ್ಕಳಿಗಾಗಿ ಶಾಲೆ ತೆರೆದ. ನೂರಾರು ಮಕ್ಕಳು, ಒಬ್ಬ ಮೇಷ್ಟ್ರು. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡಬೇಕು. ಅಲ್ಲಿ ಅಪ್ಪಣೆ ಆದಾಗ ಇಡೀ ಸಾಲಿನ ಮಕ್ಕಳು ಸ್ಲೇಟನ್ನು ಎತ್ತಿ ತೋರಿಸುತ್ತಿದ್ದರು. ಆ ಶಾಲೆಗಳ ಬಗ್ಗೆ ಒಳ್ಳೆಯ ಮಾತು ಹೆಚ್ಚು ಹೇಳಲಾಗದು. ಅವಮಾನಿಸುವ ಶಿಕ್ಷೆಗಳಿದ್ದವು, ಬರೀ ಗಿಳಿಪಾಠವಿತ್ತು, ಹೇಳಿಕೊಡುವ ದೊಡ್ಡ ಹುಡುಗನಿಗೇ ತಪ್ಪು ತಿಳಿದಿದ್ದರೆ ಸಾಲಿಗೆ ಸಾಲೇ ತಪ್ಪು ಕಲಿಯುತ್ತಿತ್ತು. ಆದರೂ ಪ್ರತಿ ಮಗುವೂ ಕೆಲವು ನಿಮಿಷಕ್ಕೊಮ್ಮೆ ಏನಾದರೂ ಬರೆಯಲೇಬೇಕಿತ್ತು, ಬರೆದದ್ದನ್ನು ಅಲ್ಲೇ ಒಬ್ಬರು ನೋಡುತ್ತಿದ್ದರು. ಕೆಟ್ಟದ್ದರ ಜೊತೆ ಅದನ್ನೂ ಬಿಸಾಡಿದೆವು. ಸ್ಲೇಟಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಪಾಠದ ಕೊನೆಗೆ ಎಲ್ಲ ಕಡೆಯೂ ಕೇಳುವ ಪ್ರಶ್ನೆ ‘ಅರ್ಥ ಆಯ್ತಾ?’ ಅದಕ್ಕೆ ಬರುವ ಉತ್ತರ ‘ಆಯ್ತು’. ಇದು ಸುಳ್ಳಲ್ಲ. ಆ ಕ್ಷಣಕ್ಕೆ ನಿಜಕ್ಕೂ ಅರ್ಥವಾಗಿರುತ್ತದೆ. ಬೋರ್ಡಿನ ಮೇಲೆ ಲೆಕ್ಕ ಇನ್ನೂ ಇದೆ, ಕಿವಿಯಲ್ಲಿ ಮಾತು ಇನ್ನೂ ಇದೆ. ಅರ್ಥವಾಗುವುದು ಬೇರೆ, ಕಲಿಯುವುದು ಬೇರೆ. ಮುಂದಿನ ತಿಂಗಳು, ಯಾರೂ ಸುಳಿವು ಕೊಡದೆ, ಬೇರೆ ಲೆಕ್ಕಗಳ ನಡುವೆ ಕಂಡಾಗಲೂ ಮಾಡಲು ಬಂದರೆ ಕಲಿತದ್ದು.

ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಒಂದು ಗುಂಪಿನ ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿ ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ನೋಡಿದರೆ ಓದಿದವರೇ ಮುಂದೆ, ಶೇ. 83ಕ್ಕೆ ಎದುರು ಶೇ. 71. ಒಂದು ವಾರದ ನಂತರ ತಿರುಗುಮುರುಗು: ಓದಿದವರಿಗೆ ಉಳಿದದ್ದು ಶೇ. 40, ನೆನೆದು ಬರೆದವರಿಗೆ ಶೇ. 61. ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಾಗಿದ್ದದ್ದು ನಾಲ್ಕು ಸಲ ಓದಿದವರಿಗೆ. ತಾನು ಕಲಿತಿದ್ದೇನೆಯೇ ಎಂಬುದಕ್ಕೆ ಕಲಿಯುವವನ ಅನಿಸಿಕೆ ಒಳ್ಳೆಯ ಸಾಕ್ಷಿಯಲ್ಲ. ‘ಅರ್ಥ ಆಯ್ತಾ’ ಎಂದು ಕೇಳಿ ಮುಂದೆ ಹೋಗುವವರು ಆ ಸಾಕ್ಷಿಯನ್ನೇ ನಂಬಿ ಹೋಗುತ್ತಾರೆ.

ಮರೆವಿನ ವಿಷಯ ಬಂದರೆ ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಹೆಸರು ಹೇಳದೆ ಯಾರೂ ಮಾತು ಮುಗಿಸುವುದಿಲ್ಲ. ‘ಒಂದೇ ದಿನದಲ್ಲಿ ಶೇ. 70 ಮರೆಯುತ್ತೇವೆ’ ಎಂಬ ರೇಖಾಚಿತ್ರ ಎಲ್ಲೆಡೆ ಓಡಾಡುತ್ತದೆ. 1885ರಲ್ಲಿ ಆತ ಪ್ರಕಟಿಸಿದ್ದು ಅದಲ್ಲ. ತನ್ನೊಬ್ಬನ ಮೇಲೇ, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನಿಟ್ಟುಕೊಂಡು, ಮೊದಲ ಸಲ ಬಾಯಿಪಾಠ ಮಾಡಲು ಹಿಡಿದ ಸಮಯಕ್ಕೆ ಹೋಲಿಸಿದರೆ ಎರಡನೇ ಸಲ ಎಷ್ಟು ಸಮಯ ಉಳಿಯಿತು ಎಂದು ಅಳೆದ. ಒಂದು ದಿನದ ಆಚೆ ಉಳಿತಾಯ ಸುಮಾರು ಮೂರನೇ ಒಂದು ಭಾಗ, ಒಂದು ತಿಂಗಳ ಆಚೆ ಸುಮಾರು ಐದನೇ ಒಂದು ಭಾಗ. ಅರ್ಥವಿರುವ ಪಾಠಕ್ಕೆ ಅದೇ ಅಂಕಿ ಹಚ್ಚಬಾರದು. ಆದರೆ ಎರಡು ಮಾತು ನಿಲ್ಲುತ್ತವೆ. ಸೋರಿಕೆ ಮೊದಲ ದಿನವೇ ಹೆಚ್ಚು, ಆಮೇಲೆ ನಿಧಾನ. ಮರೆತಂತೆ ಕಂಡರೂ ಮತ್ತೆ ಕಲಿಯುವುದು ಅಗ್ಗ. ಆದ್ದರಿಂದ ‘ಹೋದ ವರ್ಷ ಹೇಳಿಕೊಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು’ ಎಂದು ಕೈಚೆಲ್ಲುವುದಕ್ಕೆ ಕಾರಣವಿಲ್ಲ. ಮರೆಯುವ ಹೊತ್ತಿಗೆ ಮತ್ತೊಮ್ಮೆ ಕೇಳುವ ಏರ್ಪಾಡು ಇರಬೇಕು, ಅಷ್ಟೇ.

ಆ ಏರ್ಪಾಡು ಹೇಗಿರಬೇಕು? 40 ನಿಮಿಷದ ಪೀರಿಯಡ್, 40 ಮಕ್ಕಳು ಎಂದು ಇಟ್ಟುಕೊಳ್ಳೋಣ. ತಲೆಗೊಂದು ನಿಮಿಷ. ಒಬ್ಬೊಬ್ಬರ ಪಕ್ಕ ಕೂರುವುದು ಆಗದ ಮಾತು. ಹಾಗಾಗಿ ಆ ಎರಡು ನಿಮಿಷದ ಕೆಲಸವನ್ನು ಎಲ್ಲರಿಗೂ ಒಟ್ಟಿಗೆ ಮಾಡುವ ಉಪಾಯ ಬೇಕು.

ಮೊದಲ ಆರು ನಿಮಿಷ ನಾಲ್ಕು ಪ್ರಶ್ನೆಗೆ. ಮಕ್ಕಳು ಒಳಗೆ ಬರುವಷ್ಟರಲ್ಲಿ ಬೋರ್ಡಿನ ಮೇಲಿರಬೇಕು, ಹಾಜರಿ ಕೂಗುವಾಗಲೇ ಅವರು ಬರೆಯುತ್ತಿರಬೇಕು. ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಮೂರು ನಾಲ್ಕು ವಾರ ಹಿಂದಿನದು. ಕಲಿತದ್ದಕ್ಕೂ ಅದನ್ನು ಮತ್ತೆ ನೆನೆಯುವುದಕ್ಕೂ ಅಂತರ ಎಷ್ಟಿರಬೇಕು ಎಂಬುದನ್ನೂ ಸಂಶೋಧಕರು ಅಳೆದಿದ್ದಾರೆ. ಒಂದು ವಾರದಾಚೆ ನೆನಪಿರಬೇಕಾದರೆ ಒಂದು ದಿನದ ಆಸುಪಾಸಿನ ಅಂತರ ಸಾಕು. ಒಂದು ವರ್ಷದಾಚೆಗೆ ಬೇಕಾದರೆ ಸುಮಾರು ಮೂರು ವಾರ. ನಾಲ್ಕನೇ ಪ್ರಶ್ನೆ ಇವತ್ತಿನ ಪಾಠಕ್ಕೆ ಅಡಿಪಾಯವಾಗುವಂಥದ್ದು. ಇವತ್ತು ಸೊನ್ನೆ ದಾಟಿ ಸಾಲ ತರುವ ಲೆಕ್ಕವಿದ್ದರೆ ‘400ರಲ್ಲಿ ಎಷ್ಟು ಹತ್ತುಗಳಿವೆ?’ ಎಂದು ಕೇಳಬೇಕು. 40 ಎಂದು ಬರೆಯದ ಮಗುವಿಗೆ ಇವತ್ತಿನ ಪಾಠ ಎಷ್ಟು ಚಂದ ಮಾಡಿದರೂ ದಕ್ಕುವುದಿಲ್ಲ. ಪಾಠ ಕೆಡುವುದು ಬಹಳ ಸಲ ಇವತ್ತಿನ ಪಾಠದಲ್ಲಿ ಅಲ್ಲ, ಎರಡು ವರ್ಷ ಹಿಂದಿನ ಪಾಠದಲ್ಲಿ.

ಉತ್ತರವನ್ನು ಸ್ಲೇಟಿನ ಮೇಲೆ ಬರೆಸಿ. ಸ್ಲೇಟು ಇಲ್ಲದಿದ್ದರೆ ಹಳೆಯ ಹಾಳೆ ಸಾಕು. ಅಂಕಿ ಅಂಗೈಯಷ್ಟು ದೊಡ್ಡದಾಗಿರಲಿ. ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಎತ್ತಬೇಕು. ಒಬ್ಬರಾದ ಮೇಲೆ ಒಬ್ಬರು ಎತ್ತಿದರೆ ಪಕ್ಕದವರದ್ದು ನೋಡಿ ಅಳಿಸಿ ತಿದ್ದುತ್ತಾರೆ. ಆಗ ಮೇಷ್ಟ್ರಿಗೆ ಕಾಣುವುದು ಮುಂದಿನ ಬೆಂಚಿನ ಮೂವರ ಬುದ್ಧಿ. ಎತ್ತುವ ತನಕ ಸ್ಲೇಟು ಎದೆಗೆ ಮುಚ್ಚಿಕೊಂಡಿರಲಿ. ನಲವತ್ತು ಸ್ಲೇಟನ್ನು ಕಣ್ಣಾಡಿಸಲು ಅರ್ಧ ನಿಮಿಷ ಬೇಕು, ಅದನ್ನು ಬಿಡಬೇಡಿ. ಎಲ್ಲವನ್ನೂ ಓದಬೇಕಿಲ್ಲ, ನೀವು ಮೊದಲೇ ಎಣಿಸಿಟ್ಟ ಎರಡು ಮೂರು ತಪ್ಪುಗಳನ್ನು ಹುಡುಕಿದರೆ ಸಾಕು. 365 ಎಲ್ಲಿದೆ, 335 ಎಲ್ಲಿದೆ? ಏನನ್ನು ಹುಡುಕಬೇಕೆಂದು ಗೊತ್ತಿಲ್ಲದೆ ನೋಡಿದರೆ ಏನೂ ಕಾಣುವುದಿಲ್ಲ.

ನಾನು ಹಾಕಿಕೊಂಡಿರುವ ಗೆರೆ ಹೀಗಿದೆ. ಐದರಲ್ಲಿ ನಾಲ್ಕು ಮಂದಿ ಸರಿ ಬರೆದಿದ್ದರೆ ಮುಂದೆ ಹೋಗಿ, ಉಳಿದವರನ್ನು ಅಭ್ಯಾಸದ ಹೊತ್ತಿನಲ್ಲಿ ಹತ್ತಿರ ಕರೆಯಿರಿ. ಅರ್ಧದಷ್ಟು ಮಂದಿ ತಪ್ಪಿದ್ದರೆ ಅಕ್ಕಪಕ್ಕದವರು ಒಬ್ಬರಿಗೊಬ್ಬರು ವಿವರಿಸಲಿ, ಎರಡು ನಿಮಿಷ ಬಿಟ್ಟು ಅದೇ ಬಗೆಯ ಇನ್ನೊಂದು ಲೆಕ್ಕ ಕೊಡಿ. ಬಹುಪಾಲು ತಪ್ಪಿದ್ದರೆ ಇವತ್ತಿನ ಪಾಠ ರದ್ದು. ಅದೇ ವಿವರಣೆಯನ್ನು ಇನ್ನೂ ಜೋರು ದನಿಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಬೇರೆ ಉದಾಹರಣೆ ಬೇಕು, ಹತ್ತು ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಬೇಕು.

ಬಾಯಲ್ಲಿ ಕೇಳಿದರೆ ಆಗದೇ? ಆಗುತ್ತದೆ, ಆದರೆ ಕೈಯೆತ್ತಿದವರನ್ನು ಕೇಳಬಾರದು. ಗೊತ್ತಿರುವವರು ಮಾತ್ರ ಕೈಯೆತ್ತುತ್ತಾರೆ. ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಹೆಸರು. ಹೆಸರು ಮೊದಲೇ ಕೂಗಿದರೆ ಉಳಿದ ಮೂವತ್ತೊಂಬತ್ತು ಮಂದಿ ಆರಾಮಾಗಿ ಬೆನ್ನು ಒರಗಿಸುತ್ತಾರೆ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿಬಿಡದ ಮಕ್ಕಳೂ ಮಾತಾಡಿದರು. ಮೂರು ಸೆಕೆಂಡು ಎಂದರೆ ಏನು ಮಹಾ ಎನ್ನಿಸುತ್ತದೆ. ತರಗತಿಯೆದುರು ನಿಂತು ಸುಮ್ಮನೆ ಕಾದು ನೋಡಿ, ಒಂದು ಯುಗದ ಹಾಗಿರುತ್ತದೆ.

ಇನ್ನು ವಿವರಣೆ. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ಬಹಳ ಕಡಿಮೆ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಏಳರ ಆಸುಪಾಸು ಎಂದ, ನೆಲ್ಸನ್ ಕೊವಾನ್ 2001ರಲ್ಲಿ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದ. 403 − 168ರಲ್ಲೇ ಎಷ್ಟು ಸಂಗತಿಗಳಿವೆ ನೋಡಿ. ನೂರನ್ನು ಹತ್ತು ಹತ್ತಾಗಿ ಒಡೆಯಬೇಕು, ಅದರಲ್ಲಿ ಒಂದು ಹತ್ತನ್ನು ಬಿಡಿಯಾಗಿ ಒಡೆಯಬೇಕು, 9 ಉಳಿದದ್ದು ನೆನಪಿರಬೇಕು, 13ರಲ್ಲಿ 8 ಹೋದರೆ ಎಷ್ಟೆಂದು ಹೊಳೆಯಬೇಕು. ಆ ಕೊನೆಯದನ್ನು ಬೆರಳೆಣಿಸಿ ಮಾಡುವ ಮಗುವಿನ ಮನಸ್ಸಿನ ಜಾಗವೆಲ್ಲ ಅದಕ್ಕೇ ಹೋಗಿ, 9 ಎಲ್ಲಿಂದ ಬಂತು ಎಂಬುದಕ್ಕೆ ಜಾಗವೇ ಉಳಿಯುವುದಿಲ್ಲ. ಮಗ್ಗಿ, ಕೂಡುವ ಕಳೆಯುವ ಸಣ್ಣ ಲೆಕ್ಕ ಇವೆಲ್ಲ ಬಾಯಿಗೆ ಬರಬೇಕು ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಬಾಯಿಪಾಠ ಯೋಚನೆಗೆ ಶತ್ರು ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಮಗ್ಗಿ ಬಾರದ ಮಗುವಿಗೆ ಯೋಚಿಸಲು ಮನಸ್ಸಿನಲ್ಲಿ ಜಾಗವೇ ಇರುವುದಿಲ್ಲ.

ಹೊಸ ಪಾಠಕ್ಕೆ ಹತ್ತು ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಬೇಡ. ಮೊದಲು ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿ. ಪಕ್ಕದಲ್ಲೇ ಅಂಥದ್ದೇ ಇನ್ನೊಂದನ್ನು ಬಿಡಿಸಿ, ಕೊನೆಯ ಹೆಜ್ಜೆ ಖಾಲಿ ಬಿಡಿ, ಮಕ್ಕಳು ತುಂಬಲಿ. ಮೂರನೆಯದರಲ್ಲಿ ಕೊನೆಯ ಎರಡು ಹೆಜ್ಜೆ ಖಾಲಿ. ನಾಲ್ಕನೆಯದು ಪೂರ್ತಿ ಅವರದ್ದು. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲೇ ಬೀಜಗಣಿತದಲ್ಲಿ ಬಿಡಿಸಿದ ಲೆಕ್ಕಗಳ ಉಪಯೋಗ ತೋರಿಸಿದ್ದರು. ಇದು ಕೆಡುವುದು ಒಂದೇ ಕಡೆ: ಮಕ್ಕಳು ನೋಡಿ ಇಳಿಸುತ್ತಾರೆ. ಅದಕ್ಕೆ ಪ್ರತಿ ಹೆಜ್ಜೆಯ ಮುಂದೆ ‘4 ಯಾಕೆ 3 ಆಯ್ತು?’ ಎಂಬಂಥ ಒಂದು ಪ್ರಶ್ನೆ ಬರೆದಿಡಬೇಕು, ಉತ್ತರವನ್ನು ಅವರು ಒಂದು ವಾಕ್ಯದಲ್ಲಿ ಬರೆಯಬೇಕು. ಈಗಾಗಲೇ ಮಾಡಬಲ್ಲ ಮಕ್ಕಳಿಗೆ ಬಿಡಿಸಿದ ಲೆಕ್ಕ ಹೊರೆಯಾಗುತ್ತದೆ, ಅವರ ಕೈಗೆ ನೇರ ಖಾಲಿ ಲೆಕ್ಕ ಕೊಡಿ.

ಪ್ರಶ್ನೆ ಹೆಣೆಯುವುದು ಒಂದು ಕಸುಬು. ಅದನ್ನು ಹತ್ತಿರದಿಂದ ನೋಡೋಣ. ‘0.6, 0.58, 0.123 ಇವುಗಳಲ್ಲಿ ದೊಡ್ಡದು ಯಾವುದು?’ ನೋಡಲು ಒಳ್ಳೆಯ ಪ್ರಶ್ನೆ. 123 ದೊಡ್ಡ ಸಂಖ್ಯೆ ಎಂದುಕೊಂಡ ಮಗು 0.123 ಬರೆದು ಸಿಕ್ಕಿಬೀಳುತ್ತದೆ. ಆದರೆ ಇನ್ನೊಂದು ಬಗೆಯ ಮಗು ಇದೆ. ಬಿಂದುವಿನ ನಂತರ ಅಂಕಿ ಹೆಚ್ಚಾದಷ್ಟೂ ಚೂರು ಸಣ್ಣದಾಗುತ್ತದೆ, ಹಾಗಾಗಿ ಗಿಡ್ಡದ್ದೇ ದೊಡ್ಡದು ಎಂದು ಅದರ ನಂಬಿಕೆ. ಅದು 0.6 ಎನ್ನುತ್ತದೆ. ಉತ್ತರ ಸರಿ, ಕಾರಣ ತಪ್ಪು, ನಮಗೆ ಗೊತ್ತೇ ಆಗುವುದಿಲ್ಲ. ಅದೇ ಪ್ರಶ್ನೆಯನ್ನು 0.4, 0.62, 0.125 ಎಂದು ಬದಲಿಸಿ. ಉದ್ದದ್ದು ದೊಡ್ಡದು ಎನ್ನುವವರು 0.125 ಬರೆಯುತ್ತಾರೆ, ಗಿಡ್ಡದ್ದು ದೊಡ್ಡದು ಎನ್ನುವವರು 0.4, ತಿಳಿದವರು 0.62. ಈಗ ಮೂರು ಬಗೆಯ ಯೋಚನೆಗೆ ಮೂರು ಬೇರೆ ಉತ್ತರ. ಸರಿಯುತ್ತರ ಅತಿ ಉದ್ದದ್ದೂ ಆಗಬಾರದು, ಅತಿ ಗಿಡ್ಡದ್ದೂ ಆಗಬಾರದು, ಇಷ್ಟೇ ಗುಟ್ಟು. ಇಂಥ ಒಂದು ಪ್ರಶ್ನೆ ಹೆಣೆಯಲು ಅರ್ಧ ಗಂಟೆ ಹಿಡಿಯಬಹುದು. ಒಮ್ಮೆ ಹೆಣೆದರೆ ಹತ್ತು ವರ್ಷ ಬಾಳುತ್ತದೆ, ಒಂದು ಶಾಲೆಯವರು ಇನ್ನೊಂದು ಶಾಲೆಗೆ ಕೊಡಬಹುದು. ಶಿಕ್ಷಕರ ತರಬೇತಿ ಎಂದು ನಡೆಯುವ ಭಾಷಣಗಳ ಬದಲು ಹತ್ತು ಮಂದಿ ಕೂತು ಇಂಥ ಇಪ್ಪತ್ತು ಪ್ರಶ್ನೆ ಹೆಣೆದು ಎದ್ದರೆ ಆ ದಿನ ಸಾರ್ಥಕ. (ಭಾಷಣ ಮಾಡುತ್ತಲೇ ಈ ಮಾತು ಹೇಳುತ್ತಿರುವುದು ನನಗೂ ಗೊತ್ತಿದೆ.)

ಅಭ್ಯಾಸದ ಲೆಕ್ಕಗಳು ಒಂದೇ ಬಗೆಯವಾಗಿ ಸಾಲಾಗಿ ಬರಬಾರದು. ಪುಸ್ತಕಗಳಲ್ಲಿ ಪಾಠದ ಕೊನೆಗೆ ಅದೇ ಪಾಠದ ಹದಿನೈದು ಲೆಕ್ಕ ಇರುತ್ತವೆ. ಯಾವ ದಾರಿ ಹಿಡಿಯಬೇಕು ಎಂದು ಮಗು ಯೋಚಿಸಬೇಕಾಗಿಯೇ ಇಲ್ಲ, ಪಾಠದ ತಲೆಬರಹವೇ ಹೇಳಿಬಿಡುತ್ತದೆ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿತರು. ಒಂದೊಂದೇ ಬಗೆಯನ್ನು ಮುಗಿಸಿ ಮುಂದೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ, ಎಲ್ಲ ಬಗೆಯನ್ನೂ ಕಲಸಿ ಮಾಡಿದವರು ಶೇ. 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರು ಶೇ. 20, ಕಲಸಿ ಮಾಡಿದವರು ಶೇ. 63. ಇಲ್ಲಿಯೂ ಅದೇ ಮೋಸ. ತರಗತಿಯಲ್ಲಿ ಚೆಂದ ಕಾಣುವುದು ವಾರದಾಚೆ ಉಳಿಯುವುದಿಲ್ಲ. ತರಗತಿ ನೋಡಲು ಬರುವ ಅಧಿಕಾರಿಗೆ ಮೊದಲ ದಿನದ 89 ಕಾಣುತ್ತದೆ, ವಾರದಾಚೆಯ 20 ಕಾಣುವುದಿಲ್ಲ. ಹತ್ತು ಲೆಕ್ಕದಲ್ಲಿ ನಾಲ್ಕು ಇವತ್ತಿನವು, ಆರು ಹಳೆಯವು ಇರಲಿ. ಹೊಸದನ್ನು ಕಲಿತ ಮೊದಲ ಹತ್ತು ನಿಮಿಷ ಮಾತ್ರ ಒಂದೇ ಬಗೆ ಇರಬಹುದು.

ಕೊನೆಯ ಮೂರು ನಿಮಿಷ ಒಂದು ಚೀಟಿ. ಒಂದೇ ಪ್ರಶ್ನೆ, ಹೆಸರು, ಉತ್ತರ. ಬಾಗಿಲಲ್ಲಿ ಕೊಟ್ಟು ಹೋಗಲಿ. ನಲವತ್ತು ಚೀಟಿಯನ್ನು ಮೂರು ಕಂತೆ ಮಾಡಲು ಐದು ನಿಮಿಷ ಸಾಕು: ಸರಿ, ಒಂದೇ ಬಗೆಯ ತಪ್ಪು, ಬೇರೇನೋ. ನಡುವಿನ ಕಂತೆಯೇ ನಾಳೆಯ ಮೊದಲ ಪ್ರಶ್ನೆ. ಮೂರನೆಯ ಕಂತೆಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಂದಿ. ಅವರಿಗೆ ನಾಳೆ ಅಭ್ಯಾಸದ ಹೊತ್ತಿನಲ್ಲಿ ಆ ಎರಡೆರಡು ನಿಮಿಷ ಸಿಗುತ್ತದೆ.

ಚೀಟಿಗೆ, ಸ್ಲೇಟಿಗೆ ಮಾರ್ಕ್ಸ್ ಹಾಕಬೇಡಿ, ದಾಖಲೆಗೆ ಏರಿಸಬೇಡಿ. ಏರಿಸಿದ ಮರುದಿನವೇ ಕಾಪಿ ಹೊಡೆಯುವುದು ಶುರುವಾಗುತ್ತದೆ. ತಪ್ಪನ್ನು ಮುಚ್ಚಿಡುವುದು ಮಗುವಿಗೆ ಲಾಭ, ಬಿಚ್ಚಿಡುವುದು ನಷ್ಟ ಎಂದಾದರೆ ನಮ್ಮ ಕೈಗೆ ಬರುವುದು ಸುಳ್ಳು ಸುದ್ದಿ. ರೂತ್ ಬಟ್ಲರ್ 1988ರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿ ನೋಡಿದರು. ಒಂದಕ್ಕೆ ಬರೀ ಮಾರ್ಕು, ಒಂದಕ್ಕೆ ಬರೀ ಟಿಪ್ಪಣಿ, ಒಂದಕ್ಕೆ ಎರಡೂ. ಮುಂದಿನ ಕೆಲಸ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರದ್ದು. ಎರಡನ್ನೂ ಕೊಟ್ಟಲ್ಲಿ ಮಾರ್ಕು ಟಿಪ್ಪಣಿಯನ್ನು ನುಂಗಿಹಾಕಿತು. ರಾತ್ರಿಯೆಲ್ಲ ಕೂತು ಮಾರ್ಕಿನ ಪಕ್ಕ ಸಲಹೆ ಬರೆಯುವ ಶಿಕ್ಷಕರಿಗೆ ಇದು ಬೇಸರದ ಸುದ್ದಿ. ಮಗು ಅಂಕಿ ನೋಡುತ್ತದೆ, ಪಕ್ಕದವರ ಅಂಕಿ ನೋಡುತ್ತದೆ, ಪುಸ್ತಕ ಮುಚ್ಚುತ್ತದೆ. ಟಿಪ್ಪಣಿಯೂ ‘ಇನ್ನೂ ಚೆನ್ನಾಗಿ ಬರೆ’ ಎಂಬಂತಿದ್ದರೆ ಬರೆಯದಿರುವುದೇ ವಾಸಿ. ‘2ನೇ ಸಾಲಿನಲ್ಲಿ 4 ಏಕೆ ಇಳಿದಿಲ್ಲ? ತಿದ್ದಿ ತೋರಿಸು’ ಎಂದಿರಬೇಕು. ತಿದ್ದಲು ತರಗತಿಯಲ್ಲೇ ಐದು ನಿಮಿಷ ಕೊಡಬೇಕು.

ಓದಿನ ಬಗ್ಗೆಯೂ ಒಂದು ಮಾತು. ಅಕ್ಷರ ಕೂಡಿಸಿ ಓದಲು ಬಂದ ಮೇಲೂ ಮಗುವಿಗೆ ಓದಿದ್ದು ತಿಳಿಯದಿದ್ದರೆ ‘ಓದುವ ಕೌಶಲ’ ಕಡಿಮೆ ಎಂದು ಓದಿನ ಪೀರಿಯಡ್ ಹೆಚ್ಚಿಸಿ, ವಿಜ್ಞಾನ, ಚರಿತ್ರೆಯನ್ನು ಕತ್ತರಿಸುತ್ತಾರೆ. ಇದು ತಲೆಕೆಳಗು. ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಅಮೆರಿಕದ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರದಿಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ತಿಳಿವಳಿಕೆ ತಿಳಿವಳಿಕೆಗೆ ಅಂಟಿಕೊಳ್ಳುತ್ತದೆ. ಮನೆಯ ಮಾತುಕತೆಯಲ್ಲಿ ಲೋಕಜ್ಞಾನ ಸಿಗುವ ಮಗುವಿಗೆ ಶಾಲೆ ಚರಿತ್ರೆ ಕತ್ತರಿಸಿದರೂ ನಡೆಯುತ್ತದೆ. ಸಿಗದ ಮಗುವಿಗೆ ಇರುವುದು ಶಾಲೆಯೊಂದೇ.

‘ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು’ ಎಂದು ಮಕ್ಕಳನ್ನು ವಿಂಗಡಿಸಿ ಪಾಠ ಮಾಡುವ ಪದ್ಧತಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಇದ್ದ ಸಂಶೋಧನೆಯನ್ನೆಲ್ಲ ಜಾಲಾಡಿ, ಹಾಗೆ ವಿಂಗಡಿಸಿ ಕಲಿಸಿದರೆ ಲಾಭವಿದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದರು. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಉಚ್ಚಾರಣೆಯನ್ನು ಎಲ್ಲರೂ ಕೇಳಿಯೇ ಕಲಿಯಬೇಕು.

ಹಾಗಾದರೆ ಹೋಂವರ್ಕ್ ಬೇಡವೇ? ಬೇಕು, ಒಂದು ಷರತ್ತಿನ ಮೇಲೆ. ಯಾರ ಸಹಾಯವೂ ಇಲ್ಲದೆ ಮಗು ಸರಿಯಾಗಿ ಮಾಡಬಲ್ಲದ್ದನ್ನು ಮಾತ್ರ ಮನೆಗೆ ಕಳಿಸಬೇಕು. ತರಗತಿಯಲ್ಲಿ ಹತ್ತಕ್ಕೆ ಎಂಟು ಸರಿ ಮಾಡಿದ ಬಗೆಯ ಲೆಕ್ಕ ಮನೆಗೆ ಹೋಗಬಹುದು, ಐದು ಸರಿ ಮಾಡಿದ್ದು ಹೋಗಬಾರದು. ಹೊಸ ಪಾಠವನ್ನು ‘ಮನೆಯಲ್ಲಿ ಓದಿಕೊಂಡು ಬನ್ನಿ’ ಎನ್ನುವುದು, ಅಪ್ಪ ಅಮ್ಮನ ಕೈಚಳಕಕ್ಕೆ ಮಾರ್ಕು ಕೊಡುವ ಪ್ರಾಜೆಕ್ಟು ಇವೆಲ್ಲ ಶಾಲೆಯ ಕೆಲಸವನ್ನು ಮನೆಯ ಬಾಗಿಲಿಗೆ ಇಳಿಸಿ ಹೋಗುವ ಉಪಾಯಗಳು. ಚಿಕ್ಕ ಮಕ್ಕಳಿಗೆ ಹತ್ತು ನಿಮಿಷದ ನೆನೆಯುವ ಕೆಲಸ ಸಾಕು: ಪುಸ್ತಕ ಮುಚ್ಚಿ ಇವತ್ತಿನ ಮೂರು ಸಂಗತಿ ಬರೆ, ಆಮೇಲೆ ತೆರೆದು ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊ.

ಇದನ್ನೆಲ್ಲ ಹೇಳಿದಾಗ ತಪ್ಪದೆ ಬರುವ ಆಕ್ಷೇಪ ‘ಸಿಲಬಸ್ ಮುಗಿಯುವುದಿಲ್ಲ’. ಲೆಕ್ಕ ಹಾಕೋಣ. ಮೊದಲ ಆರು ನಿಮಿಷ, ಕೊನೆಯ ಮೂರು, ಒಟ್ಟು ಒಂಬತ್ತು. ಬೋರ್ಡಿನ ಮೇಲಿನ ಪ್ರಶ್ನೋತ್ತರವನ್ನು ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳಲು ಹೋಗುವ ಸಮಯವನ್ನು ಒಂದು ವಾರ ಗಡಿಯಾರ ಹಿಡಿದು ಅಳೆದು ನೋಡಿ. ಒಂಬತ್ತಕ್ಕಿಂತ ಕಡಿಮೆ ಬಂದರೆ ನನ್ನ ಮಾತು ಬಿಟ್ಟುಬಿಡಿ. ಕೈ ಬರೆಯುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಅದಕ್ಕಿಂತ ಸೋಮಾರಿಯಾದ ಕೆಲಸ ಶಾಲೆಯಲ್ಲಿ ಇನ್ನೊಂದಿಲ್ಲ. ಇನ್ನು, ‘ಮುಗಿಯಿತು’ ಎಂಬ ಮಾತಿಗೆ ಯಾರಿಗೆ ಎಂಬ ಪ್ರಶ್ನೆಯನ್ನೂ ಸೇರಿಸಬೇಕು. ಹೇಳುವವರಿಗೆ ಮುಗಿದಿರುತ್ತದೆ.

ಎರಡನೇ ಆಕ್ಷೇಪ, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳಿದ್ದರೆ? ಆಗ ಇದು ಇನ್ನೂ ಹೆಚ್ಚು ಬೇಕು. ಒಂದು ತರಗತಿಗೆ ವಿವರಿಸುವಾಗ ಇನ್ನೊಂದು ನಾಲ್ಕು ಪ್ರಶ್ನೆಯಲ್ಲಿ ತೊಡಗಿರುತ್ತದೆ. ಉತ್ತರದ ಹಾಳೆಯನ್ನು ಮಡಚಿ ಮೇಜಿನ ಮೇಲಿಡಿ, ಮುಗಿಸಿದವರು ತಾವೇ ತಿದ್ದಿಕೊಳ್ಳಲಿ.

ಶುರು ಮಾಡುವವರಿಗೆ ಒಂದು ಎಚ್ಚರಿಕೆ. ಮೊದಲ ಎರಡು ವಾರ ಸ್ಲೇಟುಗಳು ತುಂಬಾ ಕೆಟ್ಟದಾಗಿರುತ್ತವೆ. ಹೋದ ತಿಂಗಳು ‘ಅರ್ಥ ಆಯ್ತು’ ಎಂದ ಪಾಠದಲ್ಲಿ ಅರ್ಧ ತರಗತಿ ಖಾಲಿ ಸ್ಲೇಟು ಎತ್ತುತ್ತದೆ. ಪಾಠ ಈ ವಾರ ಕೆಟ್ಟದ್ದಲ್ಲ, ಈ ವಾರ ಕಣ್ಣಿಗೆ ಬಿದ್ದದ್ದು. ಆಗ ನಾಲ್ಕು ಪ್ರಶ್ನೆಯನ್ನು ಮೂರಕ್ಕೆ ಇಳಿಸಿ, ಅದರಲ್ಲಿ ಒಂದು ಎಲ್ಲರಿಗೂ ಬರುವಂಥದ್ದಿರಲಿ. ಖಾಲಿ ಸ್ಲೇಟಿಗೆ ಗದರಬೇಡಿ, ಮೂಲೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಎತ್ತಲು ಹೇಳಿ. ಮೂರನೇ ವಾರ ಆ ಚಿಹ್ನೆಗಳನ್ನು ಎಣಿಸಿ.